ಅಣ್ಣನ ತಲೆಯೊಳಗಿನ ಗಡ್ಡೆಗೆ ಕಾರಣ ಹುಡುಕುತ್ತಾ

ಅಣ್ಣನಿಗೆ ಮೊದಲ ಸಲ ಫಿಟ್ಸ್ ಬಂದದ್ದು ಬೆಳಿಗ್ಗೆ ಹಲ್ಲುಜ್ಜುವಾಗ. ಎಡಗೈ ತನ್ನಷ್ಟಕ್ಕೆ ಜಗ್ಗತೊಡಗಿತಂತೆ, ಬಲಗೈಯಿಂದ ಹಿಡಿದುಕೊಂಡರೂ ನಿಲ್ಲಲಿಲ್ಲವಂತೆ. ಆಮೇಲಿನದು ಅವನಿಗೆ ನೆನಪಿಲ್ಲ. ಬಿದ್ದ ಸದ್ದಿಗೆ ಅತ್ತಿಗೆ ಓಡಿಬಂದರು. ಅದಕ್ಕೆ ಮುಂಚೆ ಅವನಿಗೆ ತಲೆನೋವಿರಲಿಲ್ಲ, ವಾಂತಿಯಿರಲಿಲ್ಲ. ಒಂದೆರಡು ತಿಂಗಳಿಂದ ಮಾತು ಕಡಿಮೆ ಮಾಡಿದ್ದ, ಯಾವುದರಲ್ಲೂ ಆಸಕ್ತಿ ಇಲ್ಲದವನ ಹಾಗಿದ್ದ. 53 ವಯಸ್ಸು, ಕೆಲಸದ ಆಯಾಸ ಇರಬೇಕು ಅಂದುಕೊಂಡಿದ್ದೆವು. ಎಂಆರ್‌ಐಯಲ್ಲಿ ಮೆದುಳಿನ ಬಲಗಡೆ, ಹಣೆಯ ಹಿಂದಿನ ಭಾಗದಲ್ಲಿ ಗಡ್ಡೆ ಕಾಣಿಸಿತು. ಎರಡು ವಾರದೊಳಗೆ ಆಪರೇಷನ್ ಆಯಿತು. ತೆಗೆದದ್ದನ್ನು ಪರೀಕ್ಷಿಸಿದ ವರದಿಯಲ್ಲಿ ಗ್ಲಿಯೋಬ್ಲಾಸ್ಟೋಮಾ, ಗ್ರೇಡ್ 4 ಎಂದಿತ್ತು, ಅಂದರೆ ಮೆದುಳಿನ ಕ್ಯಾನ್ಸರಿನ ಅತಿ ಉಗ್ರ ಬಗೆ.

ವರದಿ ಬಂದ ಸಂಜೆ ಮನೆಯಲ್ಲಿ ಮೂರು ಜನ ಮೂರು ಪ್ರಶ್ನೆ ಕೇಳಿದರು. ಮೂವರೂ ಕೇಳಿದ್ದು ನನ್ನನ್ನೇ, ಮನೆಯಲ್ಲಿ ಅಂಥ ವರದಿಗಳನ್ನು ಓದಿ ಅರ್ಥ ಹೇಳುವವಳು ನಾನು ಅನ್ನುವ ಕಾರಣಕ್ಕೆ.

ಅಮ್ಮ ಮೊದಲು ಕೇಳಿದಳು. "ಆರು ವರ್ಷದವನಿದ್ದಾಗ ಮೆಟ್ಟಿಲ ಮೇಲಿಂದ ಬಿದ್ದಿದ್ದನಲ್ಲ, ಆ ಏಟೇ ಈಗ ಹೀಗಾಯ್ತೇನೇ?" ಅಣ್ಣನ ಎಡ ಹುಬ್ಬಿನ ಮೇಲೆ ಆ ಗಾಯದ ಗುರುತು ಈಗಲೂ ಇದೆ, ನಾಲ್ಕು ಹೊಲಿಗೆ ಬಿದ್ದದ್ದು. ಅವತ್ತು ಅಮ್ಮ ಒಂದು ನಿಮಿಷಕ್ಕೆಂದು ಒಳಗೆ ಹೋಗಿದ್ದಳು.

ಅತ್ತಿಗೆಯದು ಪ್ರಶ್ನೆಯ ರೂಪದಲ್ಲಿರಲಿಲ್ಲ. "ಫೋನು. ದಿನವಿಡೀ ಕಿವಿಗೆ ಅಂಟಿಸ್ಕೊಂಡೇ ಇರ್ತಿದ್ರು. ನಾನು ಜಗಳ ಆಡಿಯಾದ್ರೂ ಬಿಡಿಸಬೇಕಿತ್ತು" ಅಂದರು.

ಅಣ್ಣ ಎಲ್ಲರೂ ಮಲಗಿದ ಮೇಲೆ ನನ್ನನ್ನು ಕರೆದ. ತಲೆಗೆ ಇನ್ನೂ ಬ್ಯಾಂಡೇಜ್ ಇತ್ತು. "ಮಗನಿಗೂ ಬರತ್ತೇನೇ?" ಅಂದ. ಅವನ ಮಗನಿಗೆ 22 ವರ್ಷ.

ನನಗೆ ಮೂರಕ್ಕೂ ಉತ್ತರ ಗೊತ್ತಿರಲಿಲ್ಲ. ಡಾಕ್ಟರನ್ನು ಕೇಳಿದಾಗ ಅವರು, "ಬಹುತೇಕ ಜನರಲ್ಲಿ ಕಾರಣ ಸಿಗಲ್ಲ. ಯಾರ ತಪ್ಪೂ ಅಲ್ಲ" ಎಂದು ಮೃದುವಾಗಿಯೇ ಹೇಳಿದರು. ಆದರೆ ಯಾರ ತಪ್ಪೂ ಅಲ್ಲ ಎಂಬ ಮಾತನ್ನು ಅಮ್ಮನಂಥವರು ನಂಬುವುದಿಲ್ಲ. ಸಮಾಧಾನಕ್ಕೆ ಹೇಳುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಹಾಗಾಗಿ ಓದಲು ಕೂತೆ. ರೇಡಿಯೇಷನ್ ನಡೆದ ಆರು ವಾರ, ಅದರ ನಂತರದ ತಿಂಗಳುಗಳು, ರಾತ್ರಿ ಹೊತ್ತು ಓದಿದ್ದೇ ಓದಿದ್ದು. ನಾನು ವೈದ್ಯಳಲ್ಲ, ಸಂಖ್ಯೆಗಳನ್ನು ಕಂಡರೆ ಹೆದರದಷ್ಟು ಮಾತ್ರ ಓದಿದವಳು. ಇಲ್ಲಿ ಬರೆಯುತ್ತಿರುವುದು ಆ ಓದಿನಿಂದ ನಮ್ಮ ಮನೆಗೆ ಏನು ಸಿಕ್ಕಿತು ಅನ್ನುವುದನ್ನು.

ಮೊದಲು ಕಲಿತದ್ದು, "ಬ್ರೇನ್ ಟ್ಯೂಮರ್‌ಗೆ ಕಾರಣವೇನು" ಎಂಬ ಪ್ರಶ್ನೆಯೇ ಸರಿಯಿಲ್ಲ ಅಂತ. ಒಂದೇ ಹೆಸರಿನಡಿಯಲ್ಲಿ ನೂರಕ್ಕೂ ಹೆಚ್ಚು ಬಗೆಯ ಗಡ್ಡೆಗಳಿವೆ. ಮೆದುಳನ್ನು ಸುತ್ತಿದ ಪೊರೆಯಲ್ಲಿ ಹುಟ್ಟಿ ನಿಧಾನವಾಗಿ ಬೆಳೆಯುವ ಮೆನಿಂಜಿಯೋಮಾ ಬೇರೆ, ಅದು ಹೆಂಗಸರಲ್ಲಿ ಗಂಡಸರಿಗಿಂತ ಹೆಚ್ಚು. ನರಕೋಶಗಳಿಗೆ ಆಸರೆಯಾಗಿರುವ ಗ್ಲಿಯಾ ಜೀವಕೋಶಗಳ ಜಾತಿಯ ಗ್ಲಿಯೋಮಾ ಬೇರೆ, ಅದರಲ್ಲಿ ಅತಿ ಉಗ್ರವಾದದ್ದು ಅಣ್ಣನಿಗೆ ಬಂದದ್ದು, ಅದು ಗಂಡಸರಲ್ಲಿ ಹೆಚ್ಚು. ಇವೆರಡಕ್ಕೂ ಕಾರಣ ಒಂದೇ ಇರಬೇಕಾಗಿಲ್ಲ, ಇರುವ ಹಾಗೂ ಕಾಣುವುದಿಲ್ಲ. ಇನ್ನು ವಯಸ್ಕರ ಮೆದುಳಿನಲ್ಲಿ ಕಾಣುವ ಗಡ್ಡೆಗಳಲ್ಲಿ ಹೆಚ್ಚಿನವು ಅಲ್ಲಿ ಹುಟ್ಟಿದವೇ ಅಲ್ಲ. ಶ್ವಾಸಕೋಶ, ಸ್ತನ, ಮೂತ್ರಪಿಂಡ, ಚರ್ಮದ ಮೆಲನೋಮಾ, ಇಂಥ ಕಡೆ ಹುಟ್ಟಿದ ಕ್ಯಾನ್ಸರ್ ರಕ್ತದಲ್ಲಿ ಬಂದು ನೆಲೆಸಿದವು. ಅಣ್ಣನ ಎಂಆರ್‌ಐ ನೋಡಿದ ತಕ್ಷಣ ಎದೆಯ ಸ್ಕ್ಯಾನ್ ಯಾಕೆ ಮಾಡಿಸಿದರು, ಸಿಗರೇಟಿನ ಬಗ್ಗೆ ಯಾಕೆ ಅಷ್ಟು ಕೇಳಿದರು ಅನ್ನುವುದು ಆಗ ಅರ್ಥವಾಯಿತು. ಮೆದುಳಿನಲ್ಲೇ ಹುಟ್ಟುವ ಗ್ಲಿಯೋಮಾಕ್ಕೂ ಸಿಗರೇಟಿಗೂ ಗಟ್ಟಿಯಾದ ನಂಟು ಕಂಡಿಲ್ಲ. ಶ್ವಾಸಕೋಶದಿಂದ ಮೆದುಳಿಗೆ ಹೋಗುವ ಕ್ಯಾನ್ಸರಿಗಾದರೆ ಸಿಗರೇಟು ದೊಡ್ಡ ಕಾರಣ.

ಮೆದುಳು ಮತ್ತು ಕೇಂದ್ರ ನರಮಂಡಲದಲ್ಲೇ ಹುಟ್ಟುವ ಕ್ಯಾನ್ಸರ್ 2022ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ 20 ಸಾವಿರ ಜನರಿಗೆ ಬಂದಿದೆ ಎಂದು ಅಂದಾಜು. ಅಷ್ಟು ಜನರ ಮನೆಯಲ್ಲೂ ಯಾರೋ ಒಬ್ಬರು ಹೀಗೆ ರಾತ್ರಿ ಎದ್ದು ಕೂತು ಓದಿರುತ್ತಾರೆ ಅನ್ನಿಸಿತು.

ಅತ್ತಿಗೆಯ ಫೋನಿನಿಂದ ಶುರು ಮಾಡಿದೆ, ಯಾಕೆಂದರೆ ಅತ್ತಿಗೆ ಊಟ ಬಿಟ್ಟಿದ್ದರು.

2011ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮೊಬೈಲಿನಂಥ ಸಾಧನಗಳ ರೇಡಿಯೋ ತರಂಗಗಳನ್ನು 2ಬಿ ಗುಂಪಿಗೆ ಸೇರಿಸಿತು. "ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು" ಎಂಬ ಗುಂಪು ಅದು. ಅತ್ತಿಗೆಯ ಫೋನಿಗೆ ಯಾರೋ ಕಳಿಸಿದ ಸಂದೇಶದಲ್ಲಿದ್ದದ್ದೂ ಇದೇ. ಆ ಗುಂಪು ಹೇಳುವುದು ಪುರಾವೆ ಎಷ್ಟು ಗಟ್ಟಿ ಅನ್ನುವುದನ್ನು, ಅಪಾಯ ಎಷ್ಟು ದೊಡ್ಡದು ಅನ್ನುವುದನ್ನಲ್ಲ. ಪುರಾವೆ ಸೀಮಿತವಾಗಿದೆ, ತಳ್ಳಿಹಾಕಲೂ ಆಗುವುದಿಲ್ಲ ಅನ್ನಿಸಿದಾಗ ಅಲ್ಲಿಡುತ್ತಾರೆ.

ಆ ನಿರ್ಧಾರಕ್ಕೆ ಮುಖ್ಯ ಆಧಾರಗಳಲ್ಲೊಂದು ಇಂಟರ್‌ಫೋನ್ ಎಂಬ ಅಧ್ಯಯನ. 13 ದೇಶಗಳಲ್ಲಿ ನಡೆದದ್ದು, 2010ರಲ್ಲಿ ಪ್ರಕಟವಾದದ್ದು. ಗ್ಲಿಯೋಮಾ ಬಂದ 2,708 ಜನರನ್ನು, ಬಾರದ ಹೆಚ್ಚುಕಡಿಮೆ ಅಷ್ಟೇ ಜನರನ್ನು ಕೂರಿಸಿಕೊಂಡು, ನೀವು ಎಷ್ಟು ವರ್ಷದಿಂದ ಫೋನ್ ಬಳಸುತ್ತೀರಿ, ದಿನಕ್ಕೆ ಎಷ್ಟು ಹೊತ್ತು, ಯಾವ ಕಿವಿಗೆ ಎಂದೆಲ್ಲ ಕೇಳಿದರು. ಬಂದ ಉತ್ತರ ವಿಚಿತ್ರವಾಗಿತ್ತು. ಒಟ್ಟಾರೆ ನೋಡಿದರೆ ಫೋನ್ ಬಳಸುವವರಿಗೆ ಗಡ್ಡೆಯ ಅಪಾಯ ಕಡಿಮೆ, ಸುಮಾರು ಐದನೇ ಒಂದರಷ್ಟು ಕಡಿಮೆ! ಆದರೆ ಅತಿ ಹೆಚ್ಚು ಮಾತಾಡಿದೆವು ಎಂದವರ ಗುಂಪನ್ನು, ಅಂದರೆ ಒಟ್ಟು 1,640 ಗಂಟೆ ಮೀರಿದವರನ್ನು ಮಾತ್ರ ನೋಡಿದರೆ ಅಪಾಯ ಶೇ. 40ರಷ್ಟು ಹೆಚ್ಚು. ಫೋನು ಗಡ್ಡೆಯಿಂದ ಕಾಪಾಡುತ್ತದೆ ಅಂತ ಯಾರೂ ನಂಬುವುದಿಲ್ಲ. ಆದ್ದರಿಂದ ಎರಡನೆಯ ಅಂಕಿಯನ್ನು ನಂಬುವ ಮೊದಲು ಮೊದಲನೆಯದು ಯಾಕೆ ಹಾಗೆ ಬಂತು ಎಂದು ಕೇಳಬೇಕಾಯಿತು. ಆರೋಗ್ಯವಾಗಿದ್ದವರಲ್ಲಿ ಯಾರು ಸಂದರ್ಶನಕ್ಕೆ ಒಪ್ಪಿದರು, ಯಾರು ಒಪ್ಪಲಿಲ್ಲ ಎಂಬುದರಲ್ಲೇ ಓರೆ ಇತ್ತು. ಇನ್ನೊಂದು ಓರೆ ನೆನಪಿನದು. ದಿನಕ್ಕೆ 12 ಗಂಟೆಗಿಂತ ಹೆಚ್ಚು ಮಾತಾಡುತ್ತಿದ್ದೆವು ಎಂದು ಹೇಳಿದ ಕೆಲವರಿದ್ದರು.

ಈ ವಾಕ್ಯ ಓದಿದಾಗ ಅಮ್ಮ ನೆನಪಾದಳು. 12 ಗಂಟೆ ಎಂದವರು ಸುಳ್ಳು ಹೇಳಿರಲಿಲ್ಲ. ತಲೆಯೊಳಗೆ ಗಡ್ಡೆ ಇದೆ ಅಂತ ತಿಳಿದ ಮೇಲೆ ಯಾರೋ ಬಂದು ಫೋನಿನ ಬಗ್ಗೆ ಕೇಳಿದರೆ, ಕಳೆದ ಹತ್ತು ವರ್ಷದ ಒಂದೊಂದು ಕರೆಯೂ ಉದ್ದವಾಗಿ ಕಾಣುತ್ತದೆ. ಆರೋಗ್ಯವಂತನಿಗೆ ಅದೇ ಪ್ರಶ್ನೆ ಕೇಳಿದರೆ ಭುಜ ಕುಣಿಸಿ ಒಂದು ಅಂದಾಜು ಹೇಳುತ್ತಾನೆ. ಕಾಯಿಲೆ ಬಂದವನ ನೆನಪು ಕಾರಣ ಹುಡುಕುತ್ತಾ ಹಿಂದಕ್ಕೆ ಹೋಗುತ್ತದೆ. ಬಾರದವನ ನೆನಪಿಗೆ ಆ ಕೆಲಸವೇ ಇಲ್ಲ. ಚಿಕ್ಕವನಿದ್ದಾಗ ಮೆಟ್ಟಿಲಿಂದ ಬಿದ್ದ ಎಷ್ಟೋ ಮಕ್ಕಳು ಐವತ್ತು ದಾಟಿ ಆರಾಮಾಗಿದ್ದಾರೆ, ಅವರ ಅಮ್ಮಂದಿರಿಗೆ ಆ ಬೀಳುವಿಕೆ ನೆನಪೂ ಇರುವುದಿಲ್ಲ. ರೋಗದ ಕಾರಣ ಹುಡುಕುವ ವಿಜ್ಞಾನ ಅಂದರೆ ಅರ್ಧಕ್ಕರ್ಧ ಈ ದುಃಖಿತ ನೆನಪಿನಿಂದ ಮೋಸಹೋಗದಿರುವುದು ಹೇಗೆ ಎಂಬ ವಿದ್ಯೆ ಅನ್ನಿಸಿತು ನನಗೆ.

ಅದಕ್ಕೆ ದಾರಿಯೂ ಇದೆ. ಗಡ್ಡೆ ಬಂದ ಮೇಲೆ ಕೇಳುವ ಬದಲು ಬರುವ ಮೊದಲೇ ಲಕ್ಷಾಂತರ ಆರೋಗ್ಯವಂತರ ಫೋನ್ ಬಳಕೆಯನ್ನು ಬರೆದಿಟ್ಟುಕೊಂಡು, ಆಮೇಲೆ ವರ್ಷಗಟ್ಟಲೆ ಕಾಯುವುದು. ಬ್ರಿಟನ್ನಿನಲ್ಲಿ 7 ಲಕ್ಷ 76 ಸಾವಿರ ಹೆಂಗಸರನ್ನು ಹೀಗೆ ಗಮನಿಸಿದರು, ಫಲಿತಾಂಶ 2022ರಲ್ಲಿ ಬಂತು. ಯುರೋಪಿನ ಕಾಸ್ಮಾಸ್ ಅಧ್ಯಯನ 2 ಲಕ್ಷ 64 ಸಾವಿರ ಜನರನ್ನು ಹಿಂಬಾಲಿಸಿ 2024ರಲ್ಲಿ ವರದಿ ಕೊಟ್ಟಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ ಪರಾಮರ್ಶೆ 63 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿತು. ಮೂರರಲ್ಲೂ ಮೊಬೈಲ್ ಬಳಕೆಗೂ ಗ್ಲಿಯೋಮಾಕ್ಕೂ ನಂಟು ಸಿಗಲಿಲ್ಲ. ಕ್ಯಾನ್ಸರ್ ನೋಂದಣಿ ಅಚ್ಚುಕಟ್ಟಾಗಿರುವ ಉತ್ತರ ಯುರೋಪಿನ ದೇಶಗಳಲ್ಲಿ, ಫೋನು ಯಾರ ಕೈಯಲ್ಲೂ ಇಲ್ಲದ ಕಾಲದಿಂದ ಎಲ್ಲರ ಕೈಗೂ ಬಂದ ಕಾಲದವರೆಗೆ, ಅದಕ್ಕೆ ತಕ್ಕಂತೆ ಗ್ಲಿಯೋಮಾ ಏರಿದ್ದೂ ಕಾಣುವುದಿಲ್ಲ. ಭೌತಶಾಸ್ತ್ರದ ಕಡೆಯಿಂದಲೂ ಒಂದು ಮಾತಿದೆ. ಡಿಎನ್‌ಎಯ ಬಂಧ ಮುರಿಯಲು ಬೇಕಾದ ಶಕ್ತಿಯ ಮುಂದೆ ಮೊಬೈಲಿನ ತರಂಗದ ಒಂದು ಕಣದ ಶಕ್ತಿ ಲಕ್ಷಗಟ್ಟಲೆ ಪಟ್ಟು ಕಡಿಮೆ. ನಮ್ಮ ಕಣ್ಣಿಗೆ ಕಾಣುವ ಬೆಳಕಿಗೇ ಅದಕ್ಕಿಂತ ಎಷ್ಟೋ ಹೆಚ್ಚು ಶಕ್ತಿ ಇದೆ.

ಇದನ್ನೆಲ್ಲ ಅತ್ತಿಗೆಗೆ ಒಂದೇ ಸಲ ಹೇಳಲಿಲ್ಲ. "ಅತ್ತಿಗೆ, ನೀವು ಜಗಳ ಆಡಿ ಫೋನ್ ಬಿಡಿಸಿದ್ರೂ ಇದು ಬರ್ತಿತ್ತು" ಅಂದೆ. ಅವರು ತುಂಬ ಹೊತ್ತು ಸುಮ್ಮನಿದ್ದು, "ಖಂಡಿತಾನಾ?" ಅಂದರು. ಈವರೆಗೆ ನೋಡಿದ್ದರಲ್ಲಿ ಖಂಡಿತ ಎನ್ನುವಷ್ಟು ಹತ್ತಿರ ಅಂತ ಹೇಳಿದೆ. ಆವತ್ತು ಊಟ ಮಾಡಿದರು.

ಹಾಗಾದರೆ ಖಂಡಿತವಾಗಿ ಕಾರಣ ಅಂತ ಹೇಳಬಹುದಾದದ್ದು ಏನೂ ಇಲ್ಲವೇ? ಇದೆ, ಅದು ಅಯಾನೀಕರಿಸುವ ವಿಕಿರಣ. ಎಕ್ಸ್‌-ರೇ, ಗಾಮಾ ಕಿರಣದ ಜಾತಿಯದು, ಡಿಎನ್‌ಎಯನ್ನು ಮುರಿಯಬಲ್ಲದ್ದು. ಇದು ಗೊತ್ತಾದ ಬಗೆಯನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ. 1948ರಿಂದ 1960ರವರೆಗೆ ಇಸ್ರೇಲಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳ ತಲೆಗೆ ಎಕ್ಸ್‌-ರೇ ಹಾಯಿಸಿದರು. ಕ್ಯಾನ್ಸರಿಗಲ್ಲ, ನೆತ್ತಿಯ ಹುಳುಕಡ್ಡಿಗೆ. ಆಗ ಅದೇ ಒಪ್ಪಿತ ಚಿಕಿತ್ಸೆ, ಕೂದಲು ಉದುರಿಸಿ ಶಿಲೀಂಧ್ರ ತೆಗೆಯುವುದಕ್ಕೆ. ಹೆಚ್ಚಿನವರು ಉತ್ತರ ಆಫ್ರಿಕಾ, ಮಧ್ಯಪ್ರಾಚ್ಯಗಳಿಂದ ವಲಸೆ ಬಂದ ಕುಟುಂಬಗಳ ಮಕ್ಕಳು. ಮೆದುಳಿಗೆ ಸರಾಸರಿ ಒಂದೂವರೆ ಗ್ರೇಯಷ್ಟು ವಿಕಿರಣ ತಾಗಿತು (ಗ್ರೇ ಅಂದರೆ ದೇಹ ಹೀರಿಕೊಂಡ ವಿಕಿರಣದ ಅಳತೆ). ನಂತರದ ದಶಕಗಳಲ್ಲಿ ಅವರನ್ನು, ಎಕ್ಸ್‌-ರೇ ತಾಗದ ಅವರ ಅಣ್ಣತಮ್ಮ ಅಕ್ಕತಂಗಿಯರನ್ನು, ಅದೇ ಹಿನ್ನೆಲೆಯ ಇತರರನ್ನು ಹೋಲಿಸಿ ನೋಡಿದ ಫಲಿತಾಂಶ 1988ರಲ್ಲಿ ಹೊರಬಂತು. ಮೆನಿಂಜಿಯೋಮಾ ಒಂಬತ್ತೂವರೆ ಪಟ್ಟು, ಗ್ಲಿಯೋಮಾ ಎರಡೂವರೆ ಪಟ್ಟಿಗಿಂತ ಹೆಚ್ಚು. ಹುಳುಕಡ್ಡಿಗೆ ಬಾಯಿಂದ ನುಂಗುವ ಮಾತ್ರೆ ಬಂದದ್ದು ಆ ಕಾಲದ ಕೊನೆಯಲ್ಲಿ. ಇನ್ನೊಂದಿಷ್ಟು ವರ್ಷ ಮೊದಲು ಬಂದಿದ್ದರೆ ಅಂತ ಯೋಚಿಸುತ್ತಾ ಕೂತಿದ್ದೆ.

ಬಾಲ್ಯದಲ್ಲಿ ರಕ್ತದ ಕ್ಯಾನ್ಸರಿಗೆ ತಲೆಗೆ ರೇಡಿಯೇಷನ್ ಪಡೆದು ಬದುಕುಳಿದವರಲ್ಲೂ, ಹಿರೋಶಿಮಾ ನಾಗಸಾಕಿಯಲ್ಲಿ ಉಳಿದವರಲ್ಲೂ ಇಂಥದೇ ಸಾಕ್ಷ್ಯ ಇದೆ. ಚಿಕ್ಕ ವಯಸ್ಸಿನಲ್ಲಿ ತಲೆಯ ಸಿಟಿ ಸ್ಕ್ಯಾನ್ ಆದ ಮಕ್ಕಳಲ್ಲಿ ಅಪಾಯ ಅಲ್ಪ ಪ್ರಮಾಣದಲ್ಲಿ ಏರುತ್ತದೆ ಎಂದು ದೊಡ್ಡ ಅಧ್ಯಯನಗಳು ತೋರಿಸಿವೆ. ಒಂದೊಂದು ಮಗುವಿನ ಮಟ್ಟಿಗೆ ಆ ಹೆಚ್ಚಳ ತೀರಾ ಚಿಕ್ಕದು. ಬೇಕಾದಾಗ ಸ್ಕ್ಯಾನ್ ಬೇಡ ಅನ್ನಬಾರದು, ಬೇಡದಾಗ ಮಾಡಿಸಬಾರದು, ಅಷ್ಟೇ. ಎಂಆರ್‌ಐಯಲ್ಲಿ ಈ ವಿಕಿರಣ ಇಲ್ಲ.

ಅಣ್ಣ ಆಗ ದಿನಾ ರೇಡಿಯೇಷನ್‌ಗೆ ಹೋಗುತ್ತಿದ್ದ. ಮುಖಕ್ಕೆ ಅಚ್ಚೊತ್ತಿದ ಜಾಳಿಗೆಯಂಥ ಮಾಸ್ಕ್ ತೊಡಿಸಿ, ತಲೆ ಅಲುಗದಂತೆ ಮೇಜಿಗೆ ಬಿಗಿದು, ಒಂದೊಂದು ಸಿಟ್ಟಿಂಗಿಗೆ 2 ಗ್ರೇ, ಒಟ್ಟು 30 ಸಿಟ್ಟಿಂಗ್, 60 ಗ್ರೇ. ಆ ಮಕ್ಕಳಿಗೆ ತಾಗಿದ್ದರ ನಲವತ್ತು ಪಟ್ಟು. ನಾನು ಓದುತ್ತಿದ್ದದ್ದು ಅವನಿಗೆ ಗೊತ್ತಿತ್ತು. "ಅದರಿಂದ್ಲೇ ಬರತ್ತೆ ಅಂತೀಯ, ನಂಗೆ ಅದನ್ನೇ ಕೊಡ್ತಿದಾರಲ್ಲ" ಅಂದ. ವಿಕಿರಣದಿಂದ ಹೊಸ ಗಡ್ಡೆ ಹುಟ್ಟಲು ವರ್ಷಗಳು, ಎಷ್ಟೋ ಸಲ ದಶಕಗಳೇ ಬೇಕು, ಇರುವ ಗಡ್ಡೆಯ ಜೀವಕೋಶಗಳನ್ನು ಕೊಲ್ಲಲು ವಾರಗಳು ಸಾಕು ಅಂತ ವಿವರಿಸಿದೆ. ಹೇಳುವಾಗಲೇ ಆ ಲೆಕ್ಕದೊಳಗೆ ಏನು ಅಡಗಿದೆ ಅಂತ ಇಬ್ಬರಿಗೂ ಹೊಳೆಯಿತು. ಇಪ್ಪತ್ತು ವರ್ಷದಾಚೆಯ ಅಪಾಯ ಅವನಿಗೆ ಅಪಾಯವೇ ಅಲ್ಲ. ಅವನು ನನ್ನ ಕೈ ತಟ್ಟಿ, "ಸರಿ ಬಿಡು" ಅಂದ. ಆ ಮಾತನ್ನು ನಾನು ಬೇರೆ ರೀತಿ ಹೇಳಬೇಕಿತ್ತು ಅಂತ ಈಗಲೂ ಅನ್ನಿಸುತ್ತದೆ.

ಎಂಆರ್‌ಐಗೆ ಕಾಯುವ ಜಾಗದಲ್ಲಿ ಒಬ್ಬ ಮಹಿಳೆಯ ಪರಿಚಯವಾಯಿತು. ಅವರಿಗೆ ಮೆನಿಂಜಿಯೋಮಾ, ಅದೂ ಒಂದಲ್ಲ, ಎರಡು. ಅವರು ಹಲವು ವರ್ಷ ಸೈಪ್ರೊಟೆರೋನ್ ಎಂಬ ಹಾರ್ಮೋನ್ ಮಾತ್ರೆ ತೆಗೆದುಕೊಂಡಿದ್ದರು. ಮುಖದ ಮೇಲಿನ ಅತಿಯಾದ ಕೂದಲಿಗೆ ಬರೆದುಕೊಟ್ಟದ್ದಂತೆ. ಮನೆಗೆ ಬಂದು ನೋಡಿದರೆ ಅದರ ಬಗ್ಗೆ ಫ್ರಾನ್ಸಿನಿಂದ ಬಂದ ಸಂಶೋಧನೆ ನಿಜಕ್ಕೂ ಗಟ್ಟಿಯಾಗಿದೆ. ಎರಡೂವರೆ ಲಕ್ಷ ಹೆಂಗಸರ ಔಷಧಿ ದಾಖಲೆ ನೋಡಿ 2021ರಲ್ಲಿ ಹೇಳಿದ್ದು, ಆ ಮಾತ್ರೆಯನ್ನು ದೊಡ್ಡ ಪ್ರಮಾಣದಲ್ಲಿ ತೆಗೆದುಕೊಳ್ಳುತ್ತಾ ಬಂದವರಿಗೆ ಮೆನಿಂಜಿಯೋಮಾದ ಅಪಾಯ ಏಳು ಪಟ್ಟು, ಒಟ್ಟು ಪ್ರಮಾಣ 60 ಗ್ರಾಂ ಮೀರಿದರೆ ಇಪ್ಪತ್ತು ಪಟ್ಟು. 2024ರಲ್ಲಿ ಇನ್ನೂ ಕೆಲವು ಪ್ರೊಜೆಸ್ಟೋಜೆನ್ ಔಷಧಿಗಳ, ಅಂದರೆ ಪ್ರೊಜೆಸ್ಟೆರೋನ್ ಹಾರ್ಮೋನಿನ ಹಾಗೆ ಕೆಲಸ ಮಾಡುವವುಗಳ, ಹೆಸರು ಸೇರಿತು, ಗರ್ಭನಿರೋಧಕವಾಗಿ ಕೊಡುವ ಮೆಡ್ರಾಕ್ಸಿಪ್ರೊಜೆಸ್ಟೆರೋನ್ ಇಂಜೆಕ್ಷನ್ ಅವುಗಳಲ್ಲೊಂದು, ಒಂದು ವರ್ಷಕ್ಕಿಂತ ಹೆಚ್ಚು ಬಳಸಿದರೆ ಐದೂವರೆ ಪಟ್ಟಿನ ಆಸುಪಾಸು. ಲೆವೊನೊರ್ಜೆಸ್ಟ್ರೆಲ್ ಇರುವ, ಗರ್ಭಕೋಶದೊಳಗೆ ಇಡುವ ಸಾಧನದಲ್ಲಿ ಅಂಥ ಹೆಚ್ಚಳ ಕಾಣಲಿಲ್ಲ. ಮೆನಿಂಜಿಯೋಮಾದ ಜೀವಕೋಶಗಳಲ್ಲಿ ಪ್ರೊಜೆಸ್ಟೆರೋನ್ ಹಿಡಿದುಕೊಳ್ಳುವ ಗ್ರಾಹಕಗಳಿರುತ್ತವೆ, ಹೆಂಗಸರಲ್ಲಿ ಇದು ಹೆಚ್ಚಿರುವುದಕ್ಕೆ ಇದೂ ಒಂದು ಕಾರಣ ಇರಬೇಕು ಎಂದು ನಂಬುತ್ತಾರೆ. ಬೊಜ್ಜಿಗೂ ಮೆನಿಂಜಿಯೋಮಾಕ್ಕೂ ಸಾಕಷ್ಟು ಪುರಾವೆ ಇರುವ ನಂಟಿದೆ.

ಆಕೆ ಮಾತ್ರೆ ನಿಲ್ಲಿಸಿದ ಮೇಲೆ ಗಡ್ಡೆಗಳು ಕುಗ್ಗುತ್ತಿದ್ದವು. ಆರು ತಿಂಗಳಿಗೊಂದು ಸ್ಕ್ಯಾನ್, ಅಷ್ಟೇ ಚಿಕಿತ್ಸೆ. ಸಂತೋಷಪಟ್ಟೆ. ಜೊತೆಗೆ ಹೊಟ್ಟೆಯೊಳಗೆ ಒಂದು ಸಂಕಟವೂ ಆಯಿತು. ಅವರ "ಯಾಕೆ"ಗೆ ಉತ್ತರ ಇತ್ತು, ಆ ಉತ್ತರವನ್ನು ನಿಲ್ಲಿಸಿದರೆ ಕಾಯಿಲೆಯೂ ಹಿಂದೆ ಸರಿಯುತ್ತಿತ್ತು. ಹಾರ್ಮೋನ್ ಔಷಧಿ ತೆಗೆದುಕೊಳ್ಳುತ್ತಿರುವ ಯಾರಾದರೂ ಇದನ್ನು ಓದುತ್ತಿದ್ದರೆ ಗಾಬರಿಯಿಂದ ತಾವೇ ನಿಲ್ಲಿಸಬೇಡಿ. ಯಾವ ಔಷಧಿ, ಎಷ್ಟು ವರ್ಷದಿಂದ ಅನ್ನುವುದನ್ನು ಬರೆದುಕೊಂಡು ಹೋಗಿ ಡಾಕ್ಟರ ಜೊತೆ ಮಾತಾಡಿ. ಅದೊಂದು ಮಾತು ಯಾರಿಗಾದರೂ ಉಪಯೋಗವಾದರೆ ನಾನು ಇಷ್ಟು ಓದಿದ್ದು ಸಾರ್ಥಕ.

ಅಣ್ಣನ ಪ್ರಶ್ನೆಯೇ ಮೂರರಲ್ಲಿ ಅತಿ ಮುಖ್ಯವಾದದ್ದು. ಅವನು ಹಿಂದಕ್ಕೆ ನೋಡಲೇ ಇಲ್ಲ, ಮಗನ ಕಡೆ ನೋಡಿದ.

ಕೆಲವು ಮನೆತನಗಳಲ್ಲಿ ಮೆದುಳಿನ ಗಡ್ಡೆ ಜೀನ್ ಮೂಲಕ ಬರುವುದು ನಿಜ. ನ್ಯೂರೋಫೈಬ್ರೊಮಟೋಸಿಸ್ ಎಂಬ ಕಾಯಿಲೆಯ ಎರಡು ಬಗೆ, ವಾನ್ ಹಿಪ್ಪೆಲ್-ಲಿಂಡೌ, ಟ್ಯೂಬರಸ್ ಸ್ಕ್ಲೆರೋಸಿಸ್, 1969ರಲ್ಲಿ ಗುರುತಿಸಿದ ಲಿ-ಫ್ರೌಮೆನಿ. ಕೊನೆಯದರಲ್ಲಿ ಟಿಪಿ53 ಎಂಬ ಜೀನ್ ಕೆಟ್ಟಿರುತ್ತದೆ, ಮನೆಯಲ್ಲಿ ಒಬ್ಬರಿಗೆ ಸ್ತನ ಕ್ಯಾನ್ಸರ್, ಇನ್ನೊಬ್ಬರಿಗೆ ಮೂಳೆಯದು, ಮತ್ತೊಬ್ಬರಿಗೆ ಮೆದುಳಿನದು, ಹೀಗೆ ಚಿಕ್ಕ ವಯಸ್ಸಿನಲ್ಲೇ ಬರುತ್ತಾ ಹೋಗುತ್ತದೆ. ಅಂಥ ಕುಟುಂಬಗಳಿಗೆ ಜೀನ್ ಪರೀಕ್ಷೆ, ತಜ್ಞರ ಸಲಹೆ ಬಹಳ ಅಗತ್ಯ. ಇವೆಲ್ಲ ಸೇರಿಯೂ ಒಟ್ಟು ಗ್ಲಿಯೋಮಾಗಳಲ್ಲಿ ಚಿಕ್ಕ ಪಾಲು. ಮನೆತನದಲ್ಲಿ ಇನ್ನೊಬ್ಬರಿಗೂ ಗ್ಲಿಯೋಮಾ ಬಂದಿರುವುದು ನೂರಕ್ಕೆ ಐದರಷ್ಟು ಜನರಲ್ಲಿ. ನಮ್ಮ ಕುಟುಂಬದ ಮೂರು ತಲೆಮಾರಿನ ಕಾಯಿಲೆಗಳನ್ನು ಅಮ್ಮನಿಂದ ಕೇಳಿ ಬರೆದುಕೊಂಡು ಡಾಕ್ಟರಿಗೆ ತೋರಿಸಿದೆ. ಅವರು ಓದಿ, ಇಂಥ ಯಾವ ಜಾಡೂ ಕಾಣುವುದಿಲ್ಲ ಎಂದರು.

ಇವುಗಳಾಚೆ, ನಮ್ಮೆಲ್ಲರಲ್ಲೂ ಹರಡಿಕೊಂಡಿರುವ ಪುಟ್ಟ ಪುಟ್ಟ ಜೀನ್ ವ್ಯತ್ಯಾಸಗಳಿವೆ. 12 ಸಾವಿರಕ್ಕೂ ಹೆಚ್ಚು ಗ್ಲಿಯೋಮಾ ರೋಗಿಗಳ ಡಿಎನ್‌ಎಯನ್ನು ಇತರರದರೊಂದಿಗೆ ಹೋಲಿಸಿದ 2017ರ ಒಂದು ದೊಡ್ಡ ಕೆಲಸ ಇಂಥ ಎರಡು ಡಜನ್ನಿಗೂ ಹೆಚ್ಚು ತಾಣಗಳನ್ನು ಪಟ್ಟಿ ಮಾಡಿದೆ. ಬಹುಪಾಲು ತಾಣಗಳಿಂದ ಅಪಾಯ ಕೂದಲೆಳೆಯಷ್ಟು ಏರುತ್ತದೆ. ಒಬ್ಬರಿಗೆ ಗ್ಲಿಯೋಮಾ ಬಂದರೆ ಅವರ ಮಕ್ಕಳು, ಒಡಹುಟ್ಟಿದವರ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎನ್ನುತ್ತಾರೆ. ಈ "ಎರಡು ಪಟ್ಟು" ಕೇಳಲು ಭಯಂಕರ. ಆದರೆ ಯಾವುದರ ಎರಡು ಪಟ್ಟು? ಗ್ಲಿಯೋಬ್ಲಾಸ್ಟೋಮಾ ಹೆಚ್ಚಾಗಿ ದಾಖಲಾಗುವ ಅಮೆರಿಕದಲ್ಲೂ ವರ್ಷಕ್ಕೆ ಲಕ್ಷದಲ್ಲಿ ಮೂರು ಚಿಲ್ಲರೆ ಜನಕ್ಕೆ ಬರುತ್ತದೆ. ಲಕ್ಷಕ್ಕೆ ಮೂರು ಇದ್ದದ್ದು ಆರೇಳಾದರೂ 99,990ಕ್ಕೂ ಹೆಚ್ಚು ಜನಕ್ಕೆ ಆ ವರ್ಷ ಬರುವುದಿಲ್ಲ. ಕಾಗದದ ಮೇಲೆ ಅಣ್ಣನಿಗೆ ಹೀಗೇ ಬರೆದು ತೋರಿಸಿದೆ. ಲೆಕ್ಕದ ಮೇಷ್ಟ್ರ ಹಾಗೆ ಎರಡು ಸಲ ಪರೀಕ್ಷಿಸಿ, ಕಾಗದ ಮಡಚಿ ದಿಂಬಿನಡಿ ಇಟ್ಟುಕೊಂಡ. ಅವನ ಮಗ ಭಯದಿಂದ ವರ್ಷವರ್ಷ ಸ್ಕ್ಯಾನ್ ಮಾಡಿಸಿಕೊಳ್ಳುವ ಅಗತ್ಯವಿಲ್ಲ ಎಂದು ಡಾಕ್ಟರೂ ಹೇಳಿದರು.

ಇಷ್ಟೆಲ್ಲ ಓದುವಾಗ ಒಂದು ವಿಷಯ ಮಾತ್ರ ಕುತೂಹಲದಿಂದಲೇ ಓದಿಸಿಕೊಂಡಿತು. ಅಸ್ತಮಾ, ಇಸುಬು, ಧೂಳಿನ ಅಲರ್ಜಿ ಇರುವವರಲ್ಲಿ ಗ್ಲಿಯೋಮಾ ಕಡಿಮೆ. ಅದು ಒಂದು ಅಧ್ಯಯನದ ಮಾತಲ್ಲ, ಹಲವು ದೇಶಗಳಲ್ಲಿ ಮತ್ತೆ ಮತ್ತೆ ಕಂಡದ್ದು, ಸುಮಾರು ಶೇ. 30ರಷ್ಟು ಕಡಿಮೆ. ಚಿಕ್ಕಂದಿನಲ್ಲಿ ಸಿಡುಬಿನಂಥ ಗುಳ್ಳೆಯೇಳುವ ಚಿಕನ್‌ಪಾಕ್ಸ್ ಆದವರಲ್ಲೂ ಹೀಗೇ. ಸದಾ ಎಚ್ಚರವಾಗಿರುವ ರೋಗನಿರೋಧಕ ವ್ಯವಸ್ಥೆ ಮೆದುಳಿನಲ್ಲಿ ತಲೆಯೆತ್ತುವ ಕೆಟ್ಟ ಜೀವಕೋಶವನ್ನು ಬೇಗ ಹಿಡಿಯುತ್ತದೆಯೋ, ಅಥವಾ ಬೆಳೆಯುತ್ತಿರುವ ಗಡ್ಡೆಯೇ ಅಲರ್ಜಿಯನ್ನು ಅಡಗಿಸುತ್ತದೆಯೋ, ಇನ್ನೂ ವಾದ ನಡೆದಿದೆ. ನನಗೆ ಧೂಳಾದರೆ ಆಗುವುದಿಲ್ಲ, ಹುಟ್ಟಿದಾಗಿನಿಂದ ಸೀನು. ಅಣ್ಣನಿಗೆ ಒಂದು ದಿನವೂ ಇರಲಿಲ್ಲ. ಇದನ್ನು ಅವನಿಗೆ ಹೇಳಲಿಲ್ಲ.

ನೆಂಟರು, ಗೆಳೆಯರು ತಲೆಗೊಂದು ಕಾರಣ ಹೇಳಿದರು. ಕೃತಕ ಸಿಹಿ, ಹೇರ್‌ಡೈ, ಕೆಲಸದ ಒತ್ತಡ, ಕೋಪ. ಕೃತಕ ಸಿಹಿಯ ಶಂಕೆ 1990ರ ದಶಕದ್ದು, ದೊಡ್ಡ ಅಧ್ಯಯನಗಳಲ್ಲಿ ನಿಲ್ಲಲಿಲ್ಲ. ಹೇರ್‌ಡೈ ವಿಷಯದಲ್ಲೂ ಗಟ್ಟಿ ಪುರಾವೆ ಸಿಕ್ಕಿಲ್ಲ. ಒತ್ತಡದ ಮಾತು ಮಾತ್ರ ನನಗೆ ನೋವು ಕೊಟ್ಟಿತು, ಯಾಕೆಂದರೆ ಅದು ರೋಗಿಯ ಸ್ವಭಾವದ ಮೇಲೇ ತಪ್ಪು ಹೊರಿಸುತ್ತದೆ. ಹೋದ ವರ್ಷ ಅವನಿಗೆ ಕೆಲಸದಲ್ಲಿ ತುಂಬಾ ಕಷ್ಟವಿತ್ತು, ನಿಜ. ಆದರೆ ಗ್ಲಿಯೋಬ್ಲಾಸ್ಟೋಮಾದ ಜೀನ್ ಬದಲಾವಣೆಗಳನ್ನು ಹಿಂದಕ್ಕೆ ಲೆಕ್ಕ ಹಾಕಿದ ಜರ್ಮನ್ ಸಂಶೋಧಕರು 2019ರಲ್ಲಿ ಕಂಡದ್ದು, ಗಡ್ಡೆ ಪತ್ತೆಯಾಗುವ ಎರಡರಿಂದ ಏಳು ವರ್ಷ ಮೊದಲೇ ಅದು ಶುರುವಾಗಿರುತ್ತದೆ ಅಂತ. ಅಷ್ಟು ಹಿಂದೆ ಅವನು ನಗುನಗುತ್ತಾ ಓಡಾಡಿಕೊಂಡಿದ್ದ.

ಶುರುವಾಗುವುದಾದರೂ ಎಲ್ಲಿ? 2018ರಲ್ಲಿ ಕೊರಿಯಾದ ವಿಜ್ಞಾನಿಗಳು ಅದಕ್ಕೊಂದು ಉತ್ತರ ಕೊಟ್ಟರು. ಮೆದುಳಿನ ಒಳಗೆ ದ್ರವ ತುಂಬಿದ ಕೋಣೆಗಳಿವೆ, ಅವುಗಳ ಗೋಡೆಯ ಅಂಚಿನಲ್ಲಿ ಇನ್ನೂ ವಿಭಜನೆಯಾಗಬಲ್ಲ ಕಾಂಡಕೋಶಗಳಿರುತ್ತವೆ. ಗಡ್ಡೆಯಿಂದ ದೂರದಲ್ಲಿದ್ದ, ನೋಡಲು ಸಹಜವಾಗಿದ್ದ ಆ ಅಂಚಿನ ಅಂಗಾಂಶವನ್ನು ಪರೀಕ್ಷಿಸಿದಾಗ, ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಗಡ್ಡೆಯಲ್ಲಿದ್ದ ಅದೇ ಜೀನ್ ದೋಷಗಳು ಅಲ್ಲೂ ತೆಳುವಾಗಿ ಇದ್ದವು. ಅಂಚಿನಲ್ಲಿ ದೋಷ ಹೊತ್ತ ಜೀವಕೋಶ ಬೇರೆಡೆಗೆ ಸಾಗಿ ಗಡ್ಡೆಯಾಗುತ್ತದೆ ಅನ್ನುವುದು ಅವರ ಮಾತು. ದೋಷ ಮೊದಲು ಬರುವುದಕ್ಕೆ ಹೊರಗಿನ ಕಾರಣವೇ ಬೇಕೆಂದಿಲ್ಲ. ಜೀವಕೋಶ ಎರಡಾಗುವ ಪ್ರತಿ ಸಲವೂ ಮುನ್ನೂರು ಕೋಟಿ ಅಕ್ಷರಗಳಷ್ಟು ಉದ್ದದ ಡಿಎನ್‌ಎಯನ್ನು ನಕಲು ಮಾಡಬೇಕು. ಅಲ್ಲೊಂದು ಇಲ್ಲೊಂದು ತಪ್ಪು ಉಳಿದುಬಿಡುತ್ತದೆ. ಬಹುತೇಕ ತಪ್ಪುಗಳಿಂದ ಏನೂ ಆಗುವುದಿಲ್ಲ. ವಯಸ್ಸಾದಂತೆ ಅವು ಕೂಡುತ್ತಾ ಹೋಗುತ್ತವೆ, ಗ್ಲಿಯೋಬ್ಲಾಸ್ಟೋಮಾ ಅರವತ್ತರ ಆಚೀಚೆ ಹೆಚ್ಚು ಕಾಣುವುದಕ್ಕೆ ಇದೂ ಕಾರಣ. ನನಗೆ ಈ ಉತ್ತರ ಮೊದಮೊದಲು ಸಹಿಸಲಿಕ್ಕಾಗಲಿಲ್ಲ. ಯಾರೂ ಇಲ್ಲದ ಕಡೆ, ಯಾವ ಸದ್ದೂ ಇಲ್ಲದೆ, ನಕಲು ಮಾಡುವಾಗ ಆದ ಒಂದು ತಪ್ಪಿಗೆ ಅಣ್ಣನನ್ನು ಹೇಗೆ ಒಪ್ಪಿಸಲಿ? ಬಯ್ಯಲು ಒಂದು ಮುಖವಾದರೂ ಬೇಕಿತ್ತು. ಈಗ ಸ್ವಲ್ಪ ಒಗ್ಗಿದೆ.

ಅಮ್ಮನದು ಉಳಿದಿತ್ತು. ಅವಳ ಪ್ರಶ್ನೆ ಮೂಢನಂಬಿಕೆ ಅಂತ ಮಾತ್ರ ಅಂದುಕೊಳ್ಳಬೇಡಿ, ದೊಡ್ಡ ದೊಡ್ಡವರಿಗೂ ಅದೇ ಅನುಮಾನವಿತ್ತು. ಮೆನಿಂಜಿಯೋಮಾ ಎಂಬ ಹೆಸರನ್ನು 1922ರಲ್ಲಿ ಕೊಟ್ಟ ಅಮೆರಿಕದ ನರಶಸ್ತ್ರವೈದ್ಯ ಹಾರ್ವಿ ಕುಶಿಂಗ್ ಕೂಡ ತಲೆಯ ಏಟಿಗೂ ಗಡ್ಡೆಗೂ ನಂಟಿರಬಹುದೆಂದು ಯೋಚಿಸಿದವರು. ಅವರ ರೋಗಿಗಳಲ್ಲಿ ಒಬ್ಬರು ಅಮೆರಿಕದ ಸೈನ್ಯದ ಜನರಲ್ ಲಿಯೊನಾರ್ಡ್ ವುಡ್. ಕ್ಯೂಬಾದಲ್ಲಿದ್ದಾಗ ತೂಗುದೀಪಕ್ಕೆ ತಲೆ ಹೊಡೆಸಿಕೊಂಡಿದ್ದರು. ವರ್ಷಗಳ ನಂತರ ಅವರಲ್ಲಿ ಕಂಡ ಗಡ್ಡೆಯನ್ನು ಕುಶಿಂಗ್ 1910ರಲ್ಲಿ ತೆಗೆದರು. ಅದು ಮತ್ತೆ ಬೆಳೆದು, 1927ರಲ್ಲಿ ಇನ್ನೊಂದು ಆಪರೇಷನ್ ಆದ ಮೇಲೆ ಜನರಲ್ ತೀರಿಕೊಂಡರು. ತೂಗುದೀಪದ ಆ ಕಥೆ ಇನ್ನೂ ಉಳಿದುಕೊಂಡಿದೆ, ನಮ್ಮ ಮನೆಯ ಮೆಟ್ಟಿಲಿನ ಹಾಗೆ.

ಆಮೇಲೆ ಡೆನ್ಮಾರ್ಕಿನವರು ಲೆಕ್ಕ ಮಾಡಿದರು. 1977ರಿಂದ 1992ರವರೆಗೆ ತಲೆಗೆ ಏಟಾಗಿ ಆಸ್ಪತ್ರೆ ಸೇರಿದ 2 ಲಕ್ಷ 28 ಸಾವಿರ ಜನರಲ್ಲಿ ಆಮೇಲೆ ಯಾರಿಗೆ ಮೆದುಳಿನ ಗಡ್ಡೆ ಬಂತು ಅಂತ ನೋಡಿದರು. ಯಾರ ನೆನಪನ್ನೂ ಕೇಳಲಿಲ್ಲ, ಆಸ್ಪತ್ರೆಯ ದಾಖಲೆ ಮತ್ತು ಕ್ಯಾನ್ಸರ್ ನೋಂದಣಿಯನ್ನು ಜೋಡಿಸಿದರು. ಏಟಾದ ಮೊದಲ ವರ್ಷದಲ್ಲಿ ಗಡ್ಡೆ ತುಂಬಾ ಹೆಚ್ಚು ಪತ್ತೆಯಾಗಿದ್ದವು. ಏಟಿಗೆಂದು ಸ್ಕ್ಯಾನ್ ಮಾಡಿದಾಗ ಮೊದಲೇ ಇದ್ದದ್ದು ಕಂಡದ್ದು ಕೆಲವು. ಗಡ್ಡೆಯಿಂದಲೇ ಫಿಟ್ಸ್ ಬಂದು, ತಲೆ ತಿರುಗಿ ಬಿದ್ದು ಏಟಾದದ್ದು ಕೆಲವು. ಮೊದಲ ವರ್ಷ ಬಿಟ್ಟು ನೋಡಿದರೆ, ಗ್ಲಿಯೋಮಾದಲ್ಲಿ ಕಾರಣ ಎನ್ನಬಹುದಾದ ಹೆಚ್ಚಳ ಉಳಿಯಲಿಲ್ಲ.

ಇದನ್ನು ಅಮ್ಮನಿಗೆ ಹೇಳುವುದು ಸುಲಭವಿರಲಿಲ್ಲ. ಅವಳ ಬಳಿ ಅವಳದೇ ಸಾಕ್ಷ್ಯವಿತ್ತು. "ಎಡಗಡೆ ತಾನೇ ಪೆಟ್ಟಾಗಿದ್ದು? ಎಡಗೈ ತಾನೇ ಅದುರಿದ್ದು?" ಅನ್ನುತ್ತಿದ್ದಳು. ಎಡಗೈಯನ್ನು ಆಡಿಸುವುದು ಮೆದುಳಿನ ಬಲಭಾಗ, ಗಡ್ಡೆ ಇದ್ದದ್ದೂ ಬಲಗಡೆ, ಗಾಯ ಎಡಗಡೆ ಅಂತ ಚಿತ್ರ ಬರೆದು ತೋರಿಸಿದರೆ, "ಹಾಗಾದ್ರೆ ಈ ಕಡೆ ಬಿದ್ದ ಏಟು ಆ ಕಡೆಗೆ ತಾಗಿರತ್ತೆ" ಅಂದಳು. ಏಟು ಎದುರು ಬದಿಗೂ ತಾಗಬಹುದು ಅನ್ನುವುದು ವೈದ್ಯರೂ ಒಪ್ಪುವ ಮಾತೇ. ನನ್ನ ಬಾಯಿ ಕಟ್ಟಿಹೋಯಿತು. ಆವತ್ತಿನಿಂದ ವಾದ ಮಾಡುವುದನ್ನು ಬಿಟ್ಟೆ.

ಹೋದ ವಾರ ಒಂದು ಮಧ್ಯಾಹ್ನ ಅಣ್ಣ ಮಲಗಿದ್ದ. ರೇಡಿಯೇಷನ್ ಬಿದ್ದ ಕಡೆ ಕೂದಲು ಇನ್ನೂ ಪೂರ್ತಿ ಬಂದಿಲ್ಲ. ಅಮ್ಮ ಮಂಚದ ಪಕ್ಕ ಕುರ್ಚಿಯಲ್ಲಿ ಕೂತಿದ್ದಳು. ನಾನಾಗಿ ಏನೂ ಹೇಳಲಿಲ್ಲ, ಅವಳೇ ಕೇಳಿದಳು.

"ಅದೇನೋ ತುಂಬ ಜನರನ್ನ ನೋಡಿದಾರೆ ಅಂದಿದ್ದೆಯಲ್ಲ, ತಲೆಗೆ ಪೆಟ್ಟಾದೋರನ್ನ."

"ಹೂಂ ಅಮ್ಮ."

"ಅವರಲ್ಲಿ ಮಕ್ಕಳೂ ಇದ್ರಾ?"

"ಇದ್ರು."

"ಅವರಮ್ಮಂದಿರೂ ಒಳಗೆಲ್ಲೋ ಹೋಗಿರ್ತಾರೆ ಆವಾಗ."

"ಹೋಗಿರ್ತಾರೆ."

ಅಮ್ಮ ಬಾಗಿ ಅಣ್ಣನ ಎಡ ಹುಬ್ಬಿನ ಮೇಲಿನ ಗುರುತನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದಳು. ಈ ಏಳು ತಿಂಗಳಲ್ಲಿ ಅವಳು ಅದನ್ನು ಮುಟ್ಟಿದ್ದನ್ನು ನಾನು ನೋಡಿರಲಿಲ್ಲ.

"ಎಷ್ಟು ಜನ ಅಂದೆ?"

"ಎರಡು ಲಕ್ಷದ ಇಪ್ಪತ್ತೆಂಟು ಸಾವಿರ."

"ಇನ್ನೊಂದ್ಸಲ ಹೇಳು" ಅಂದಳು. ಹೇಳಿದೆ.